ಮುಖ ನೋಡದೆ ಮಣೆ ಹಾಕಿದವರು

ನಮ್ಮ ಫೈನಲ್ ಇಯರ್ ಪ್ರಾಜೆಕ್ಟ್ ಏನು ಅಂತ ಡಿಪಾರ್ಟ್‌ಮೆಂಟಿನಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಗೊತ್ತು. ಕ್ಯಾಮೆರಾ ಮುಂದೆ ಕೂತವರ ಮುಖ ನೋಡಿ ಅವರ ಮನಸ್ಸಿನಲ್ಲಿ ಏನಿದೆ ಅಂತ ಹೇಳುವ ಪ್ರೋಗ್ರಾಂ. ಮನಸ್ಸಿನಲ್ಲಿ ಏನಿದೆ ಅನ್ನೋದು ನಾವು ಸಿನಾಪ್ಸಿಸ್‌ನಲ್ಲಿ ಬರೆದ ದೊಡ್ಡ ಮಾತು. ನಿಜವಾಗಿ ಅದು ಮಾಡೋ ಕೆಲಸ ಇಷ್ಟೆ: ಒಂದು ಮುಖವನ್ನು ಏಳು ಡಬ್ಬಿಗಳಲ್ಲಿ ಒಂದಕ್ಕೆ ಹಾಕುವುದು. ಕೋಪ, ಹೇಸಿಗೆ, ಭಯ, ಸಂತೋಷ, ದುಃಖ, ಆಶ್ಚರ್ಯ, ಇವು ಯಾವೂ ಅಲ್ಲದಿದ್ದರೆ ತಟಸ್ಥ. ಕಲಿಸೋಕೆ ಬಳಸಿದ್ದು ಎಲ್ಲರೂ ಬಳಸುವ ಫೆರ್-2013 ಡೇಟಾಸೆಟ್. ಅದರಲ್ಲಿ 35,887 ಮುಖಗಳಿವೆ. ಒಂದೊಂದೂ 48 ಪಿಕ್ಸೆಲ್ ಅಗಲ, 48 ಪಿಕ್ಸೆಲ್ ಎತ್ತರದ ಕಪ್ಪುಬಿಳುಪು ಚಿತ್ರ.

ಸಂಕ್ರಾಂತಿ ರಜೆಗೆ ನಾವು ನಾಲ್ವರೂ ಅಳವಂಡಿಗೆ ಹೋದೆವು. ನಮ್ಮಲ್ಲೊಬ್ಬನ ಊರು ಅದು. ಕೊಪ್ಪಳದಿಂದ ಮುಂಡರಗಿ ಕಡೆ ಹೋಗುವ ದಾರಿಯಲ್ಲಿ, ಎರಿ ಹೊಲಗಳ ನಡುವೆ ಇದೆ. ಜೋಳ, ಕಡಲಿ ನಿಂತಿದ್ದ ಕಾಲ. ಮನೆ ಮುಂದಿನ ಕಟ್ಟೆ ಮೇಲೆ ಲ್ಯಾಪ್‌ಟಾಪ್ ಇಟ್ಟು ಸಿಕ್ಕವರನ್ನೆಲ್ಲ ಕೂಡಿಸಿ ಟೆಸ್ಟ್ ಮಾಡಿದೆವು. ಓಣಿ ಹುಡುಗರು ಹಲ್ಲು ಕಿರಿದರು, ಸಂತೋಷ ಅಂತ ಬಂತು, ಎಲ್ಲರೂ ಚಪ್ಪಾಳೆ ಹೊಡೆದರು. ಆಮೇಲೆ ಮನೆಯ ಅಮ್ಮನನ್ನು ಕೂಡಿಸಿದೆವು. ನಮ್ಮ ಕಡೆ ಅಜ್ಜಿಗೆ ಅಮ್ಮ ಅಂತೀವಿ, ತಾಯಿಗೆ ಅವ್ವ. ಅಮ್ಮ ತನ್ನ ಪಾಡಿಗೆ ತಾನು ಸುಮ್ಮನೆ ಕೂತಿದ್ದಳು. ಪ್ರೋಗ್ರಾಂ ಕೋಪ ಅಂತ ತೋರಿಸಿತು. ಹಣೆಯ ಗೆರೆ, ಹಲ್ಲಿಲ್ಲದ ಬಾಯಿಯ ಇಳಿದ ಮೂಲೆ, ಇದನ್ನೆಲ್ಲ ಅದು ಸಿಟ್ಟು ಅಂತ ಓದಿತ್ತು. ಕೊನೆಗೆ ನಮ್ಮದೇ ಟೀಮಿನ ಒಬ್ಬ ಗೆಳೆಯ ಕೂತ. ಅವನು ಯಾವಾಗಲೂ ನಗೋನು. ಸಂತೋಷ ಅಂತ ಬಂತು. ನಮಗೂ ಅದು ಸರಿ ಅನಿಸಿತು.

ರಾತ್ರಿ ಊಟಕ್ಕೆ ಕೂತಾಗ ಅಮ್ಮ ರೊಟ್ಟಿ ಬಡಿಸ್ತಾ ಇದ್ದಳು. ಎರಡೂ ಕಣ್ಣಿಗೆ ಪೊರೆ ಬಂದಿದೆ, ಎದುರಿಗಿದ್ದವರು ಬರೀ ನೆರಳಿನ ಹಾಗೆ ಕಾಣ್ತಾರೆ. ಆ ಗೆಳೆಯ ಸಾಕು ಅಂದ. ಅಷ್ಟೆ, ಒಂದೇ ಮಾತು. ಅಮ್ಮ ಬುಟ್ಟಿ ಕೆಳಗಿಟ್ಟು ಅವನ ಪಕ್ಕದಲ್ಲೇ ಕೂತಳು. ಏನಾಗೈತಿ ಅಂತ ಕೇಳಲೂ ಇಲ್ಲ. ತಾಟಿಗೆ ಇನ್ನೊಂದು ರೊಟ್ಟಿ ಹಾಕಿ, ಶೇಂಗಾ ಹಿಂಡಿ ಹಾಕಿ, ಮೊಸರು ಹಾಕಿ, ಬೆನ್ನ ಮೇಲೆ ಕೈ ಇಟ್ಟಳು. ಅವನು ಅತ್ತುಬಿಟ್ಟ. ಮೂರು ಸಬ್ಜೆಕ್ಟ್ ಬ್ಯಾಕ್ ಉಳಿದಿದ್ದು, ಮನೆಯಲ್ಲಿ ಹೇಳದೇ ಇದ್ದಿದ್ದು, ರಜೆ ಮುಗಿದ ಮೇಲೆ ಕಾಲೇಜಿಗೆ ವಾಪಸ್ ಬರೋದೇ ಬೇಡ ಅಂದುಕೊಂಡಿದ್ದು, ಎಲ್ಲಾ ಅವತ್ತೇ ಗೊತ್ತಾಗಿದ್ದು. ಮೂರೂವರೆ ವರ್ಷದಿಂದ ಒಂದೇ ಹಾಸ್ಟೆಲಿನಲ್ಲಿ ಇದ್ದೋರು ನಾವು. ದಿನಾ ಅವನ ಮುಖ ನೋಡ್ತಿದ್ದೋರು.

ನಿಮಗೆ ಹೆಂಗ ಗೊತ್ತಾತು ಅಂತ ಆಮೇಲೆ ಕೇಳಿದ್ದಕ್ಕೆ ಅಮ್ಮ ದೊಡ್ಡ ಉತ್ತರವನ್ನೇನೂ ಕೊಡಲಿಲ್ಲ. ದನಿ ಒಣಗಿತ್ತು ಅಂದಳು. ಆಮೇಲೆ, ಕಣ್ಣಿದ್ದೋರಿಗಷ್ಟೇ ಕಾಣತೈತಿ ಅಂತ ತಿಳ್ಕೋಬ್ಯಾಡ್ರಿ ಅಂತ ಹೇಳಿ, ಗದಗಿನ ಗವಾಯಿ ಅಜ್ಜಾರ ಸುದ್ದಿ ತೆಗೆದಳು. ವಾಪಸ್ ಬರುವಾಗ ನಾವು ಮುಂಡರಗಿ ದಾಟಿ ಗದಗಿನಲ್ಲಿ ಇಳಿದೆವು. ಈ ಲೇಖನ ಅಲ್ಲಿಂದ ಹುಟ್ಟಿತು.

ಕಾಡಶೆಟ್ಟಿಹಳ್ಳಿಯ ಅಣ್ಣತಮ್ಮಂದಿರು

ಪಂಚಾಕ್ಷರಿ ಗವಾಯಿಗಳು ಹುಟ್ಟಿದ್ದು 1892ರ ಫೆಬ್ರವರಿ 2ರಂದು, ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ. ಆಗ ಅದು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ, ಈಗ ಹಾವೇರಿ ಜಿಲ್ಲೆ. ಮನೆಯಲ್ಲಿ ಇಟ್ಟ ಹೆಸರು ಗದಿಗೆಯ್ಯ. ಅಣ್ಣ ಗುರುಬಸಯ್ಯ. ಇಬ್ಬರಿಗೂ ಕಣ್ಣು ಕಾಣುತ್ತಿರಲಿಲ್ಲ.

ಆ ಕಾಲದ ಒಂದು ಹಳ್ಳಿಯಲ್ಲಿ ಕಣ್ಣಿಲ್ಲದ ಇಬ್ಬರು ಗಂಡುಮಕ್ಕಳು ಅಂದರೆ ಏನು ಅಂತ ಸ್ವಲ್ಪ ಯೋಚನೆ ಮಾಡಿ. ಹೊಲಕ್ಕೆ ಹೋಗಿ ದುಡಿಯೋ ಹಾಗಿಲ್ಲ, ಸಾಲಿಗೆ ಕಳಿಸೋಣ ಅಂದರೆ ಅಂಥವರಿಗೆ ಕಲಿಸುವ ಸಾಲಿ ಹತ್ತಿರದಲ್ಲಿಲ್ಲ. ಮನೆಯ ಮೂಲೆ, ಇಲ್ಲಾ ಗುಡಿಯ ಕಟ್ಟೆ. ಅಂಥ ಮಕ್ಕಳ ಕಡೆ ಜನ ನೋಡ್ತಾ ಇದ್ದಿದ್ದು ಮರುಕದಿಂದ. ಅಯ್ಯೋ ಪಾಪ ಅಂದು ಮುಂದೆ ಹೋಗೋದು. ಈ ಅಣ್ಣತಮ್ಮಂದಿರಿಗೆ ಒಂದು ಮಾತ್ರ ಇತ್ತು: ಹಾಡು. ಕೇಳಿದ್ದನ್ನು ಹಾಗೇ ಹಿಡಿದಿಟ್ಟುಕೊಂಡು ಹಾಡೋರು.

ಹಾನಗಲ್ಲ ವಿರಕ್ತಮಠದ ಕುಮಾರ ಸ್ವಾಮಿಗಳು ಈ ಹುಡುಗರ ಹಾಡು ಕೇಳಿದರು. ಅಖಿಲ ಭಾರತ ವೀರಶೈವ ಮಹಾಸಭೆಯನ್ನು 1904ರಲ್ಲಿ, ಬಾದಾಮಿ ಹತ್ತಿರ ಮಲಪ್ರಭಾ ದಂಡೆಯ ಶಿವಯೋಗ ಮಂದಿರವನ್ನು 1909ರಲ್ಲಿ ಕಟ್ಟಿದವರು ಇವರೇ. ಸ್ವಾಮಿಗಳು ಅಯ್ಯೋ ಪಾಪ ಅಂದು ಕಾಸು ಹಾಕಿ ಹೋಗಲಿಲ್ಲ. ಹುಡುಗರನ್ನು ತಮ್ಮ ಜೊತೆ ಕರೆದುಕೊಂಡರು, ಸಂಗೀತ ಕಲಿಸುವ ಏರ್ಪಾಡು ಮಾಡಿದರು. ಪಂಚಾಕ್ಷರಿ ಅನ್ನೋ ಹೆಸರು ಗದಿಗೆಯ್ಯನಿಗೆ ಬಂದಿದ್ದು ಈ ಗುರುವಿನಿಂದಲೇ.

ಇಲ್ಲೇ ಒಂದು ಮಾತು ಹೇಳಬೇಕು. ಇನ್ನೊಬ್ಬರ ನೋವು ಗೊತ್ತಾಗೋದು ಬೇರೆ, ಆ ನೋವು ನಮಗೂ ತಟ್ಟೋದು ಬೇರೆ, ತಟ್ಟಿದ ಮೇಲೆ ಎದ್ದು ಏನಾದರೂ ಮಾಡೋದು ಇನ್ನೂ ಬೇರೆ. ಕಾಡಶೆಟ್ಟಿಹಳ್ಳಿಯಲ್ಲಿ ಆ ಮಕ್ಕಳ ಕಷ್ಟ ಯಾರಿಗೆ ಗೊತ್ತಿರಲಿಲ್ಲ ಹೇಳಿ? ಮುಖದ ಮೇಲೇ ಬರೆದಿತ್ತು. ನಮ್ಮ ಪ್ರೋಗ್ರಾಂ ಮಾಡೋದು ಮೊದಲನೇ ಮೆಟ್ಟಿಲಿನ ಕೆಲಸ, ಅದನ್ನೂ ಅರ್ಧಂಬರ್ಧ. ಕುಮಾರ ಸ್ವಾಮಿಗಳು ಮೂರನೇ ಮೆಟ್ಟಿಲು ಹತ್ತಿದರು. ಗವಾಯಿಗಳು ಜೀವನಪೂರ್ತಿ ಆ ಮೂರನೇ ಮೆಟ್ಟಿಲ ಮೇಲೇ ನಿಂತರು.

ಕಿವಿಯ ಕಲಿಕೆ

ಮೊದಲು ಕರ್ನಾಟಕ ಸಂಗೀತ. ಆಮೇಲೆ ನೀಲಕಂಠಬುವಾ ಮಿರಜಕರ ಅವರಲ್ಲಿ ಹಿಂದೂಸ್ತಾನಿ ಗಾಯನ. ಎರಡೂ ಪದ್ಧತಿಗಳಲ್ಲಿ ಪಳಗಿದ್ದರಿಂದ ಜನ ಅವರನ್ನು ಉಭಯ ಗಾನ ವಿಶಾರದ ಅಂತ ಕರೆದರು. ಹಾಡುವುದಷ್ಟೇ ಅಲ್ಲ, ತಬಲಾ ಸೇರಿದಂತೆ ವಾದ್ಯಗಳ ಮೇಲೂ ಕೈ ಓಡುತ್ತಿತ್ತು. ಬರೆದುಕೊಳ್ಳುವ ಹಾಗಿಲ್ಲ, ಗುರುವಿನ ಬಾಯಿ ಹೇಗೆ ತೆರೆಯುತ್ತೆ, ಬೆರಳು ಎಲ್ಲಿ ಬೀಳುತ್ತೆ ಅಂತ ನೋಡುವ ಹಾಗಿಲ್ಲ. ಒಂದು ಸ್ವರವನ್ನು ನೂರು ಸಲ ಕೇಳಬೇಕು, ನೂರು ಸಲ ಹಾಡಬೇಕು, ತಪ್ಪಿದ್ದು ಎಲ್ಲಿ ಅಂತ ಮತ್ತೆ ಕಿವಿಯೇ ಹೇಳಬೇಕು.

ಕಿರಾಣಾ ಘರಾಣೆಯ ದೊಡ್ಡ ಉಸ್ತಾದ್ ಅಬ್ದುಲ್ ವಹೀದ್ ಖಾನರಿಂದಲೂ ಅವರಿಗೆ ಗದಗಿನಲ್ಲಿ ತಾಲೀಮು ಸಿಕ್ಕಿತು. ಈ ಉಸ್ತಾದರಿಗೆ ಕಿವಿ ಮಂದ. ಸಂಗೀತ ಲೋಕ ಅವರನ್ನು ಬೆಹರೆ ವಹೀದ್ ಖಾನ್, ಅಂದರೆ ಕಿವುಡ ವಹೀದ್ ಖಾನ್, ಅಂತಲೇ ಗುರುತಿಸುತ್ತೆ. ಈ ಜೋಡಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಕಲಿಸೋರಿಗೆ ಸರಿಯಾಗಿ ಕೇಳಿಸೋದಿಲ್ಲ, ಕಲಿಯೋರಿಗೆ ಕಾಣಿಸೋದಿಲ್ಲ. ಉತ್ತರದ ಕಿರಾಣಾದಿಂದ ಬಂದ ಮುಸಲ್ಮಾನ ಉಸ್ತಾದ್, ಹಾನಗಲ್ಲ ಸೀಮೆಯ ಲಿಂಗಾಯತ ಶಿಷ್ಯ. ಆದರೂ ರಾಗ ಒಬ್ಬರಿಂದ ಇನ್ನೊಬ್ಬರಿಗೆ ದಾಟಿತು. ನಾವು ಸಿಗ್ನಲ್ ಕ್ಲಾಸಿನಲ್ಲಿ ಓದ್ತೀವಲ್ಲ, ಒಂದು ಚಾನೆಲ್ ಕೆಟ್ಟರೂ ಸಂದೇಶ ಇನ್ನೊಂದು ದಾರಿಯಲ್ಲಿ ತಲುಪಬಹುದು ಅಂತ, ಅದು ಇಲ್ಲಿ ಇಬ್ಬರು ಮನುಷ್ಯರ ನಡುವೆ ನಡೆದಿತ್ತು.

ಕಣ್ಣಿಲ್ಲದವರು ಭಾವನೆಯ ವಿಷಯದಲ್ಲಿ ಅರೆಬರೆ ಅಂತ ಯಾರಿಗಾದರೂ ಅನಿಸಿದರೆ ಒಂದು ಅಧ್ಯಯನ ನೋಡಬೇಕು. 2004ರ ಅಥೆನ್ಸ್ ಪ್ಯಾರಾಲಿಂಪಿಕ್ಸ್‌ನ ಜೂಡೋ ಪಂದ್ಯಗಳಲ್ಲಿ ಗೆದ್ದ, ಸೋತ ಆಟಗಾರರ ಮುಖಗಳನ್ನು ಮ್ಯಾಟ್ಸುಮೊಟೊ ಮತ್ತು ವಿಲ್ಲಿಂಗ್‌ಹ್ಯಾಮ್ ಅನ್ನೋ ಸಂಶೋಧಕರು ಪರೀಕ್ಷಿಸಿ, 2009ರಲ್ಲಿ ಪ್ರಕಟಿಸಿದರು. ಹುಟ್ಟಿನಿಂದ ಕುರುಡರಾದವರು, ಅಂದರೆ ಜೀವನದಲ್ಲಿ ಒಂದು ಮುಖವನ್ನೂ ನೋಡದವರು, ಗೆದ್ದಾಗ ಸೋತಾಗ ಕಣ್ಣಿದ್ದವರ ಹಾಗೆಯೇ ಮುಖದ ಸ್ನಾಯು ಆಡಿಸಿದ್ದರು. ನಗೋದು, ಮುಖ ಬಾಡೋದು ಇನ್ನೊಬ್ಬರನ್ನು ನೋಡಿ ಕಲಿತ ವಿದ್ಯೆ ಮಾತ್ರ ಅಲ್ಲ ಅಂತಾಯ್ತು. ಇನ್ನು ಬೇರೆಯವರ ಭಾವನೆ ಅರಿಯುವ ಮಾತು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಮೈಕಲ್ ಕ್ರಾಸ್ 2017ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಮುಖ ಮತ್ತು ದನಿ ಎರಡೂ ಸಿಕ್ಕವರಿಗಿಂತ ದನಿ ಮಾತ್ರ ಸಿಕ್ಕವರೇ ಎದುರಿನವರ ಭಾವನೆಯನ್ನು ಹೆಚ್ಚು ಸರಿಯಾಗಿ ಊಹಿಸಿದ್ದರು. ಕಾರಣ ಊಹಿಸೋದು ಕಷ್ಟವಲ್ಲ. ಮುಖಕ್ಕೆ ನಗು ಅಂಟಿಸಿಕೊಳ್ಳೋದನ್ನು ನಾವೆಲ್ಲ ಚಿಕ್ಕಂದಿನಿಂದ ಕಲಿತಿರ್ತೀವಿ. ದನಿಯ ಎತ್ತರ, ಓಟ, ಮಾತಿನ ನಡುವಿನ ಮೌನ, ಉಸಿರು ಸಿಕ್ಕಿಕೊಳ್ಳೋದು, ಇಷ್ಟನ್ನೂ ಒಟ್ಟಿಗೆ ಹಿಡಿತದಲ್ಲಿ ಇಟ್ಟುಕೊಳ್ಳೋದು ಕಷ್ಟ. ಜೀವನವನ್ನೆಲ್ಲ ಸ್ವರದ ಕೂದಲೆಳೆ ವ್ಯತ್ಯಾಸ ಹಿಡಿಯೋದರಲ್ಲೇ ಕಳೆದ ಗವಾಯಿಗಳಿಗೆ ಒಬ್ಬ ಹುಡುಗ ಹಸಿದಿದ್ದಾನೆ ಅನ್ನೋದು ಅವನ ಮೊದಲ ಮಾತಿನಲ್ಲೇ ಕೇಳಿಸಿರಬೇಕು ಅಂತ ನಮಗನಿಸುತ್ತೆ.

ಗೋಡೆಯಿಲ್ಲದ ಸಾಲಿ

ಕಲಿತು ಮುಗಿದ ಮೇಲೆ ಅವರಿಗೆ ಸುಲಭದ ದಾರಿ ಇತ್ತು. ಆಗಿನ ಸಂಸ್ಥಾನಗಳಲ್ಲಿ, ಶ್ರೀಮಂತರ ಮನೆಗಳಲ್ಲಿ ಒಳ್ಳೆ ಗವಾಯಿಗೆ ಮರ್ಯಾದೆ, ಬಿದಾಗಿ ಎರಡೂ ಸಿಗುತ್ತಿತ್ತು. ಒಬ್ಬರೇ ಇದ್ದರೆ ನೆಮ್ಮದಿಯಿಂದ ಬದುಕಬಹುದಿತ್ತು. ಅವರು ಮಾಡಿದ್ದು ಬೇರೆ. ತಮ್ಮ ಹಾಗೆ ಕಣ್ಣಿಲ್ಲದ, ತಂದೆತಾಯಿ ಇಲ್ಲದ, ಬಡತನದಲ್ಲಿದ್ದ ಮಕ್ಕಳನ್ನು ಕೂಡಿಸಿಕೊಂಡು ಊರಿಂದ ಊರಿಗೆ ಹೊರಟರು. ಸಾಲಿಗೆ ಗೋಡೆ ಇಲ್ಲ, ಸೂರಿಲ್ಲ. ಗುರು ಎಲ್ಲಿ ಇಳಿದರೆ ಅಲ್ಲೇ ಸಾಲಿ. ಒಂದು ಊರಿನ ಮಠದಲ್ಲಿ ಕೆಲವು ದಿನ, ಇನ್ನೊಂದು ಊರಿನ ಗುಡಿಯಲ್ಲಿ ಕೆಲವು ದಿನ. ಹಾಡಿ ಬಂದಿದ್ದರಲ್ಲಿ, ಭಿಕ್ಷೆಯಲ್ಲಿ ಬಂದಿದ್ದರಲ್ಲಿ ಎಲ್ಲರ ಊಟ. ಮದುವೆ ಮಾಡಿಕೊಳ್ಳಲಿಲ್ಲ, ತಮಗಾಗಿ ಮನೆ ಕಟ್ಟಿಕೊಳ್ಳಲಿಲ್ಲ.

ಹಾಸ್ಟೆಲ್ ಮೆಸ್ ಕಮಿಟಿಯಲ್ಲಿ ಇದ್ದವರಿಗೆ ಗೊತ್ತಿರುತ್ತೆ, ನಾಲ್ಕು ಹೊತ್ತು ನೂರು ಜನಕ್ಕೆ ಊಟ ಹಾಕೋದು ಏನು ಅಂತ. ಕಣ್ಣಿಲ್ಲದ ಒಬ್ಬರು, ಕಣ್ಣಿಲ್ಲದ ಮಕ್ಕಳನ್ನೂ ಕರೆದುಕೊಂಡು, ಇವತ್ತಿನ ಹಾಗೆ ಬಸ್ಸು ಫೋನು ಇಲ್ಲದ ಕಾಲದಲ್ಲಿ, ಬರ ಬೀಳುವ ಸೀಮೆಯಲ್ಲಿ ಇದನ್ನು ವರ್ಷಗಟ್ಟಲೆ ನಡೆಸಿದರು. ಜೊತೆಗೆ ಪಾಠ. ಒಬ್ಬನಿಗೆ ಕಂಠ ಇದ್ದರೆ ಗಾಯನ, ಇನ್ನೊಬ್ಬನಿಗೆ ಕೈ ಇದ್ದರೆ ತಬಲಾ, ಮತ್ತೊಬ್ಬನಿಗೆ ಹಾರ್ಮೋನಿಯಂ, ಪಿಟೀಲು. ಯಾರಿಗೆ ಏನು ಒಗ್ಗುತ್ತೆ ಅಂತ ಕೇಳಿ ತಿಳಿದು ಅದನ್ನೇ ಕೊಡೋದು. ಅಯ್ಯೋ ಪಾಪ ಅನ್ನೋದಕ್ಕೂ ಇದಕ್ಕೂ ಇರುವ ಅಂತರ ಇಲ್ಲಿದೆ. ಮರುಕ ಎಲ್ಲ ಕುರುಡರನ್ನೂ ಒಂದೇ ಡಬ್ಬಿಗೆ ಹಾಕುತ್ತೆ, ನಮ್ಮ ಪ್ರೋಗ್ರಾಮಿನ ಹಾಗೆ. ಗವಾಯಿಗಳು ಒಬ್ಬೊಬ್ಬನನ್ನೂ ಬೇರೆಬೇರೆಯಾಗಿ ಕೇಳಿಸಿಕೊಂಡರು.

ಹಾವೇರಿ ಕಡೆಯ ದೇವಗಿರಿಯಲ್ಲಿ 1914ರ ಮಾರ್ಚ್ 3ರಂದು ಹುಟ್ಟಿದ ಪುಟ್ಟಯ್ಯ ಅನ್ನೋ ಹುಡುಗನಿಗೆ ಕೂಸಾಗಿದ್ದಾಗಲೇ ಕಣ್ಣು ಹೋಗಿತ್ತು. ಸೋದರಮಾವನ ಹಾರ್ಮೋನಿಯಂ ಮುಟ್ಟಿ ಮುಟ್ಟಿ ತಾನೇ ನುಡಿಸೋಕೆ ಶುರು ಮಾಡಿದ್ದ. ಅದನ್ನು ಗಮನಿಸಿದ ಮಾವ ಅವನನ್ನು ಗವಾಯಿಗಳ ಹತ್ತಿರ ತಂದುಬಿಟ್ಟರು. ಆ ಹುಡುಗನೇ ಮುಂದೆ ಪುಟ್ಟರಾಜ ಗವಾಯಿ ಆದರು. ಕುಂದಗೋಳ ಹತ್ತಿರದ ಯಲಿವಾಳದಿಂದ ಬಸವರಾಜ ರಾಜಗುರು ಬಂದರು. ರಾಯಚೂರು ಸೀಮೆಯ ಸಿದ್ಧರಾಮ ಜಂಬಲದಿನ್ನಿ, ಅರ್ಜುನಸಾ ನಾಕೋಡ, ಹೀಗೆ ಹೆಸರುಗಳು ಬೆಳೀತಾ ಹೋಗುತ್ತವೆ. ಆಗ ರಾಯಚೂರು, ಕೊಪ್ಪಳ, ನಮ್ಮ ಗೆಳೆಯನ ಅಳವಂಡಿ ಎಲ್ಲಾ ಹೈದರಾಬಾದ್ ನಿಜಾಮನ ರಾಜ್ಯ. ಮುಂಡರಗಿ, ಗದಗ ಬ್ರಿಟಿಷರ ಮುಂಬಯಿ ಪ್ರಾಂತ. ಅಳವಂಡಿಯವರು ಮುಂಡರಗಿಗೆ ಹೋಗೋದು ಅಂದರೆ ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಹೋದ ಲೆಕ್ಕ. ಗವಾಯಿಗಳ ಹತ್ತಿರ ಮಕ್ಕಳು ಆ ಗಡಿ ದಾಟಿಯೂ ಬಂದರು.

ಮಣೆ ಹಾಕುವ ಮಾತು

ಕನ್ನಡದಲ್ಲಿ ಒಂದು ಗಾದೆ ಇದೆ, ಮುಖ ನೋಡಿ ಮಣೆ ಹಾಕು ಅಂತ. ಬಂದವರು ಎಂಥವರು ಅಂತ ನೋಡಿಕೊಂಡು ಅದಕ್ಕೆ ತಕ್ಕ ಮರ್ಯಾದೆ ಕೊಡೋದು. ಮುಖ ಓದೋದು ಅಂದ ತಕ್ಷಣ ನಾವು ಅದನ್ನು ಒಳ್ಳೇದು ಅಂದುಕೊಳ್ತೀವಿ, ಮುಖ ಓದಿದರೆ ನೋವು ತಿಳಿಯುತ್ತೆ ಅಂತ. ಈ ಗಾದೆ ಇನ್ನೊಂದು ಮಗ್ಗುಲು ತೋರಿಸುತ್ತೆ. ಮುಖ ನೋಡಿದವರು ನೋವಿಗಿಂತ ಮೊದಲು ಬೇರೆ ಏನೇನೋ ಓದಿರ್ತಾರೆ: ಬಣ್ಣ, ಬಟ್ಟೆ, ಹಣೆಯ ಮೇಲೆ ಏನಿದೆ, ಕೊರಳಲ್ಲಿ ಏನಿದೆ, ಸಾಹುಕಾರನೋ ಕೂಲಿಯವನೋ. ಮಣೆ ಬೀಳೋದು ಅದರ ಮೇಲೆ.

ಗವಾಯಿಗಳ ಪಂಕ್ತಿಯಲ್ಲಿ ಮಣೆ ಹಾಗೆ ಬೀಳಲಿಲ್ಲ. ಅವರ ಆಶ್ರಮ ಜಾತಿ ಕೇಳದೆ ಮಕ್ಕಳನ್ನು ತೆಗೆದುಕೊಂಡಿತು, ಊಟ ಹಾಕಿತು, ಕಲಿಸಿತು. ಕಣ್ಣಿಲ್ಲದ್ದಕ್ಕೆ ಹಾಗೆ ಮಾಡಿದರು, ಅವರಿಗೆ ಭೇದ ಕಾಣಿಸಲೇ ಇಲ್ಲ ಅಂತ ಕೆಲವರು ಸುಲಭವಾಗಿ ಹೇಳಿಬಿಡ್ತಾರೆ. ನಮಗೆ ಆ ಮಾತು ಸರಿ ಅನಿಸೋದಿಲ್ಲ. ಜಾತಿ ತಿಳಿಯೋಕೆ ಕಣ್ಣೇ ಬೇಕಾ? ಹೆಸರು ಕೇಳಿದರೆ ಸಾಕು. ಓಣಿ ಕೇಳಿದರೆ ಸಾಕು. ಮಾತಾಡೋ ಧಾಟಿ ಕೇಳಿದರೂ ಸಾಕು, ಅದೂ ಅವರಂಥ ಕಿವಿ ಇದ್ದವರಿಗೆ. ಭೇದ ಮಾಡಬೇಕು ಅಂತಿದ್ದರೆ ಅವರಿಗೆ ಬೇಕಾದಷ್ಟು ದಾರಿ ಇತ್ತು. ಮಾಡಲಿಲ್ಲ. ಅದು ಕಣ್ಣಿನ ಕೊರತೆ ಅಲ್ಲ, ಮನಸ್ಸು ಮಾಡಿದ ಆಯ್ಕೆ. ಕುರುಡರೆಲ್ಲ ಕರುಣಾಮಯಿಗಳು ಅನ್ನೋದು ಕುರುಡರೆಲ್ಲ ಪಾಪದವರು ಅನ್ನೋದರಷ್ಟೇ ತಪ್ಪು. ಆ ಆಯ್ಕೆಯ ಪುಣ್ಯವನ್ನು ಅವರ ಕಣ್ಣಿಗೆ ಕೊಡಬಾರದು, ಅವರಿಗೇ ಕೊಡಬೇಕು.

ತಬಲಾ ಹಿಡಿದ ಗುರು

1936ರಲ್ಲಿ ವಿಜಯನಗರ ಸಾಮ್ರಾಜ್ಯ ಸ್ಥಾಪನೆಯ 600ನೇ ವರ್ಷದ ಉತ್ಸವ ನಡೆಯಿತು. ಅಲ್ಲಿ ಇನ್ನೂ ಇಪ್ಪತ್ತು ತುಂಬದ ಬಸವರಾಜ ರಾಜಗುರು ದೊಡ್ಡ ಸಭೆಯ ಮುಂದೆ ಮೊದಲ ಸಲ ಹಾಡಿದರು. ಅವತ್ತು ತಬಲಾ ಸಾಥ್ ಕೊಟ್ಟವರು ಬೇರೆ ಯಾರೂ ಅಲ್ಲ, ಗುರು ಪಂಚಾಕ್ಷರಿ ಗವಾಯಿಗಳೇ.

ಸಂಗೀತ ಕೇಳೋರಿಗೆ ಇದರ ತೂಕ ಗೊತ್ತಾಗುತ್ತೆ. ಸಭೆಯಲ್ಲಿ ನಡುವೆ ಕೂರೋನು ಗಾಯಕ, ಪಕ್ಕದಲ್ಲಿ ಕೂರೋನು ಸಾಥಿದಾರ. ನಾಡೇ ಹೆಸರು ಹೇಳುವ ಗುರು ಶಿಷ್ಯನನ್ನು ನಡುವೆ ಕೂಡಿಸಿ ತಾವು ಪಕ್ಕಕ್ಕೆ ಸರಿದರು. ಸಾಥ್ ಅಂದರೆ ಏನು? ಹಾಡೋನು ಎಲ್ಲಿಗೆ ಹೊರಟಿದ್ದಾನೆ ಅಂತ ಅವನಿಗಿಂತ ಅರೆಕ್ಷಣ ಮೊದಲು ತಿಳೀಬೇಕು. ಅವನು ತಾನ್ ತಗೊಂಡು ಹೋದಾಗ ಠೇಕಾ ಬಿಡದೆ ಹಿಡಿದಿರಬೇಕು. ಅವನು ಎಡವಿದರೆ ಸಭೆಗೆ ಗೊತ್ತಾಗದ ಹಾಗೆ ಎತ್ತಿಕೊಳ್ಳಬೇಕು. ಸಮಕ್ಕೆ ಬಂದಾಗ ಇಬ್ಬರೂ ಒಟ್ಟಿಗೆ ಇಳೀಬೇಕು. ಕಣ್ಣಿರುವ ತಬಲಜಿಗಳು ಗಾಯಕನ ಮುಖ ನೋಡ್ತಾರೆ, ಕೈ ನೋಡ್ತಾರೆ. ಗವಾಯಿಗಳಿಗೆ ಇದ್ದಿದ್ದು ಆ ಹುಡುಗನ ಉಸಿರು ಮತ್ತು ದನಿ ಮಾತ್ರ. ಅದನ್ನು ವರ್ಷಗಟ್ಟಲೆ ಕೇಳಿ ಬೆಳೆಸಿದವರು ಅವರೇ ಆಗಿದ್ದರು.

ನಾವು ಓದುವ ಪೇಪರುಗಳಲ್ಲಿ ಇನ್ನೊಬ್ಬರ ಭಾವನೆಯಲ್ಲಿ ಪಾಲು ತಗೊಳ್ಳೋದಕ್ಕೆ ಏನೇನೋ ವ್ಯಾಖ್ಯೆಗಳಿವೆ. ಕನ್ನಡದಲ್ಲಿ ಸಹಾನುಭೂತಿ ಅಂತೀವಿ, ಜೊತೆಗೆ ಅನುಭವಿಸೋದು. ನಮ್ಮ ಕಡೆ ಜನ ಇನ್ನೂ ಸರಳವಾಗಿ ಅಂತಃಕರಣ ಅಂತಾರೆ, ಕರಳು ಅಂತಾರೆ. ಹಳೆಯ ನಾಟ್ಯಶಾಸ್ತ್ರದಲ್ಲಿ ಅಭಿನಯ ನಾಲ್ಕು ಥರ: ಆಂಗಿಕ, ವಾಚಿಕ, ಆಹಾರ್ಯ, ಸಾತ್ವಿಕ. ಮೈ, ಮಾತು, ವೇಷ, ಒಳಗಿನ ಭಾವ. ಮುಖ ಅನ್ನೋದು ಇದರಲ್ಲಿ ಆಂಗಿಕದ ಒಂದು ಭಾಗ ಅಷ್ಟೆ. ಇಷ್ಟೆಲ್ಲ ಇದ್ದರೂ ಎದುರಿಗೆ ಸಹೃದಯ ಇಲ್ಲದಿದ್ದರೆ ರಸ ಹುಟ್ಟೋದಿಲ್ಲ ಅಂತ ಕಾವ್ಯಮೀಮಾಂಸೆಯವರು ಹೇಳ್ತಾರೆ. ನಮ್ಮ ಕ್ಯಾಮೆರಾ ನೋಡೋದು ನಾಲ್ಕರಲ್ಲಿ ಒಂದರ ಒಂದು ತುಂಡು. ಸಹೃದಯ ಅಂತೂ ಲ್ಯಾಪ್‌ಟಾಪಿನಲ್ಲಿ ಇಲ್ಲವೇ ಇಲ್ಲ.

ಗದಗ

ಹಾಡಿನಿಂದ ಬಂದಿದ್ದು ಸಾಲದಾದಾಗ ಆಶ್ರಮ ನಾಟಕ ಕಂಪನಿ ಕಟ್ಟಿತು. ಕುಮಾರೇಶ್ವರರ ಹೆಸರಿನಲ್ಲಿ ನಡೆದ ಆ ಕಂಪನಿ ಊರೂರು ತಿರುಗಿತು. ಪುಟ್ಟರಾಜರು ಮುಂದೆ ಅದಕ್ಕಾಗಿ ನಾಟಕಗಳನ್ನೂ ಬರೆದರು. ಟಿಕೆಟ್ಟಿನಿಂದ ಬಂದ ದುಡ್ಡು ಮಕ್ಕಳ ಅನ್ನಕ್ಕೆ. ಕಣ್ಣಿಲ್ಲದವರು ನಡೆಸಿದ ನಾಟಕ ಕಂಪನಿ, ಅಂದರೆ ಮುಖಕ್ಕೆ ಬಣ್ಣ ಹಚ್ಚಿ ಭಾವ ತೋರಿಸುವ ಕಲೆಯನ್ನು ಮುಖ ಕಾಣದವರೇ ನಡೆಸಿದರು. ಈ ಮಾತು ನಮ್ಮ ತಲೆಯಲ್ಲಿ ಬಹಳ ದಿನ ತಿರುಗುತ್ತಾ ಇತ್ತು.

ಅಲೆದಾಟಕ್ಕೆ ಕೊನೆಗೆ ಒಂದು ನೆಲೆ ಸಿಕ್ಕಿದ್ದು ಗದಗಿನಲ್ಲಿ. ಬಸರಿಗಿಡದ ವೀರಪ್ಪ ಅನ್ನೋ ವ್ಯಾಪಾರಸ್ಥರು ಜಾಗ ಕೊಟ್ಟು ಆಸರೆಯಾದರು. ಅವರ ನೆನಪಿಗೆ ಆಶ್ರಮಕ್ಕೆ ವೀರೇಶ್ವರ ಪುಣ್ಯಾಶ್ರಮ ಅಂತ ಹೆಸರಾಯಿತು. ಗವಾಯಿಗಳು ತಮ್ಮ ಹೆಸರನ್ನೂ ಇಡಲಿಲ್ಲ ಅನ್ನೋದು ಗಮನಿಸಬೇಕಾದ ವಿಷಯ.

ಅಲ್ಲಿ ನೆಲೆ ನಿಂತು ಬಹಳ ವರ್ಷ ಅವರು ಉಳಿಯಲಿಲ್ಲ. 1944ರ ಜೂನ್ 11ರಂದು, 52ನೇ ವಯಸ್ಸಿನಲ್ಲಿ ತೀರಿಕೊಂಡರು. ಹಿಂದೆ ಆಸ್ತಿ ಇರಲಿಲ್ಲ. ಮಕ್ಕಳಿದ್ದರು, ಅವರ ನಾಳೆಯ ಊಟದ ಚಿಂತೆ ಇತ್ತು. ಮೂವತ್ತು ವರ್ಷದ ಪುಟ್ಟರಾಜರು ಅದನ್ನು ಹೆಗಲ ಮೇಲೆ ತೆಗೆದುಕೊಂಡು, 2010ರ ಸೆಪ್ಟೆಂಬರ್ 17ರಂದು ತಾವು ತೀರಿಕೊಳ್ಳುವವರೆಗೆ 66 ವರ್ಷ ನಡೆಸಿದರು. ಅದೇ ವರ್ಷ ಅವರಿಗೆ ಪದ್ಮಭೂಷಣ ಬಂದಿತ್ತು. ಗುರುವಿನ ಜೀವನದ ಮೇಲೆ 1995ರಲ್ಲಿ ಬಂದ ಸಿನಿಮಾದ ಹಾಡುಗಳು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಅದಕ್ಕೆ ಹಂಸಲೇಖ ಅವರಿಗೂ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ರಾಷ್ಟ್ರಪ್ರಶಸ್ತಿ ಬಂತು. ಹಾಡು ಗೊತ್ತಿದ್ದು, ಯಾರ ಬದುಕಿನ ಹಾಡು ಅಂತ ಗೊತ್ತಿಲ್ಲದೇ ಇದ್ದೋರು ನಾವೂ ಹೌದು.

ನಾವು ಹೋದ ದಿನ ಆಶ್ರಮದಲ್ಲಿ ಒಂದು ಕಡೆ ಸಣ್ಣ ಹುಡುಗನೊಬ್ಬ ಸರಳೆ ಹಾಡ್ತಿದ್ದ, ಇನ್ನೊಂದು ಕಡೆಯಿಂದ ತಬಲಾ ಕೇಳಿಸ್ತಿತ್ತು. ಊಟದ ಹೊತ್ತು. ಯಾರು, ಯಾವ ಊರು, ಯಾಕೆ ಬಂದ್ರಿ ಅಂತ ಕೇಳೋಕಿಂತ ಮೊದಲು ಪ್ರಸಾದಕ್ಕೆ ಕೂರ್ರಿ ಅಂತ ಹೇಳಿದರು. ನಮ್ಮ ಗೆಳೆಯ ಅವತ್ತು ಎರಡು ಸಲ ಅನ್ನ ಹಾಕಿಸಿಕೊಂಡ.

ರಿಪೋರ್ಟಿನಲ್ಲಿ ಬದಲಾಗಿದ್ದು

ಕಾಲೇಜಿಗೆ ವಾಪಸ್ ಬಂದ ಮೇಲೆ ಪ್ರಾಜೆಕ್ಟ್ ಬಿಟ್ಟುಬಿಡೋಣ ಅಂತ ನಮ್ಮಲ್ಲಿ ಒಬ್ಬ ಅಂದ. ಬಿಡಲಿಲ್ಲ. ಅದು ಉಪಯೋಗಕ್ಕೆ ಬಾರದ ಕೆಲಸ ಅಲ್ಲ. ಮುಖಭಾವ ಗುರುತಿಸಲು ಕಷ್ಟಪಡುವ ಮಕ್ಕಳಿಗೆ, ಮಾತಾಡಲಾಗದೆ ಮಲಗಿದ ರೋಗಿಗಳ ಆರೈಕೆ ಮಾಡೋರಿಗೆ ಇಂಥದ್ದು ಮುಂದೆ ಸಹಾಯ ಮಾಡಬಹುದು. ಆದರೆ ಹೆಸರು ಬದಲಾಯಿಸಿದೆವು. ಮೊದಲು ಮನಸ್ಥಿತಿ ಗುರುತಿಸುವ ವ್ಯವಸ್ಥೆ ಅಂತಿತ್ತು. ಈಗ ಮುಖಚಲನೆ ವರ್ಗೀಕರಿಸುವ ವ್ಯವಸ್ಥೆ ಅಂತಿದೆ. ಗೈಡ್ ಮೊದಲು ಹುಬ್ಬೇರಿಸಿದರು, ಆಮೇಲೆ ಒಪ್ಪಿದರು. ಮಿತಿಗಳು ಅನ್ನೋ ಅಧ್ಯಾಯದಲ್ಲಿ ಅಮ್ಮನ ಕೋಪವನ್ನೂ ಗೆಳೆಯನ ಸಂತೋಷವನ್ನೂ ಹೆಸರು ಹೇಳದೆ ಬರೆದೆವು. ಲೀಸಾ ಫೆಲ್ಡ್‌ಮನ್ ಬ್ಯಾರೆಟ್ ಮತ್ತು ಸಂಗಡಿಗರು ನೂರಾರು ಅಧ್ಯಯನಗಳನ್ನು ಸೋಸಿ 2019ರಲ್ಲಿ ಹೇಳಿದ್ದೂ ಇದನ್ನೇ: ಮುಖದ ಚಲನೆಯೊಂದನ್ನೇ ನಂಬಿ ಒಳಗಿನ ಭಾವನೆ ಹೇಳೋಕೆ ಬರೋದಿಲ್ಲ. ಸಿಟ್ಟು ಬಂದವರೆಲ್ಲ ಹುಬ್ಬು ಗಂಟಿಕ್ಕೋದಿಲ್ಲ, ಹುಬ್ಬು ಗಂಟಿಕ್ಕಿದವರಿಗೆಲ್ಲ ಸಿಟ್ಟು ಬಂದಿರೋದಿಲ್ಲ. ಕ್ಲಾಸಿನಲ್ಲಿ, ಕೆಲಸದ ಜಾಗದಲ್ಲಿ ಜನರ ಭಾವನೆ ಅಳೆಯುವ ಇಂಥ ಯಂತ್ರಗಳನ್ನು ಯುರೋಪಿನ ಒಕ್ಕೂಟ ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣ ಬಿಟ್ಟು ಬೇರೆಲ್ಲದಕ್ಕೂ 2025ರ ಫೆಬ್ರವರಿಯಿಂದ ನಿಷೇಧಿಸಿದೆ. ನಾಳೆ ಕೆಲಸಕ್ಕೆ ಹೋಗಿ ಇಂಥವನ್ನು ಕಟ್ಟೋರು ನಾವೇ, ಅದಕ್ಕೆ ಇದನ್ನೂ ತಿಳಿದಿರಬೇಕು.

ಗೆಳೆಯ ಕಾಲೇಜಿಗೆ ಬಂದಿದ್ದಾನೆ. ಮನೆಯಲ್ಲಿ ಹೇಳಿದ್ದಾನೆ. ಅಪ್ಪ ಎರಡು ದಿನ ಮಾತಾಡಲಿಲ್ಲವಂತೆ, ಮೂರನೇ ದಿನ ಫೋನ್ ಮಾಡಿ ಊಟ ಮಾಡಿದ್ಯಾ ಅಂತ ಕೇಳಿದರಂತೆ. ಮೂರರಲ್ಲಿ ಎರಡು ಪೇಪರ್ ಬರೆದಿದ್ದಾನೆ, ರಿಸಲ್ಟ್ ಇನ್ನೂ ಬಂದಿಲ್ಲ. ಪಾಸಾಗ್ತಾನೋ ಇಲ್ಲವೋ ನಮಗೂ ಗೊತ್ತಿಲ್ಲ. ದಿನಾ ರಾತ್ರಿ ಊಟ ಆದ ಮೇಲೆ ಒಂದು ತಾಸು ಅವನ ರೂಮಿನಲ್ಲಿ ಕೂತು ಓದ್ತೀವಿ. ಅವನು ಈಗಲೂ ನಗ್ತಾನೆ. ನಾವು ಅವನ ದನಿ ಕೇಳೋದನ್ನು ಕಲೀತಾ ಇದ್ದೀವಿ.

ನಿಮ್ಮ ರೂಮಿನ ಪಕ್ಕದಲ್ಲೂ ಮೆಸ್ಸಿಗೆ ಬರೋದನ್ನು ಕಡಿಮೆ ಮಾಡಿದ, ಕೇಳಿದ್ದಕ್ಕೆಲ್ಲ ಸಾಕು ಅನ್ನೋ ಒಬ್ಬ ಇರಬಹುದು. ಇವತ್ತು ರಾತ್ರಿ ಅವನ ಪಕ್ಕ ತಾಟು ಇಟ್ಟುಕೊಂಡು ಕೂತು ನೋಡಿ.